ಸಿಗರೇಟು ಪ್ಯಾಕಿನ ಶೇ 85 ಜಾಗ: ಒಂದು ಲಾಬಿಯ ಪೂರ್ತಿ ಪ್ರಕರಣ

ಗೂಡಂಗಡಿಗೆ ಹೋದಾಗ ಒಂದು ಸಿಗರೇಟು ಪ್ಯಾಕ್ ಕೈಗೆ ತಗೊಂಡು ನೋಡಿ. ಹಿಂದೆ ಮುಂದೆ ಎರಡೂ ಕಡೆ ಶೇ 85ರಷ್ಟು ಜಾಗ ಎಚ್ಚರಿಕೆಗೆ ಹೋಗಿದೆ. ಶೇ 60 ಚಿತ್ರ, ಶೇ 25 ಬರಹ. ಕಂಪನಿಯ ಹೆಸರಿಗೆ ಉಳಿದಿರುವುದು ಶೇ 15 ಮಾತ್ರ. ತಂಬಾಕು ನಿಯಂತ್ರಣ ಕಾನೂನು, ಅಂದರೆ ಎಲ್ಲರೂ ಕೋಟ್ಪಾ ಅನ್ನುವ ಕಾನೂನು ಬಂದದ್ದು 2003ರಲ್ಲಿ. ಈ ಗಾತ್ರದ ಚಿತ್ರ ಪ್ಯಾಕಿನ ಮೇಲೆ ಬಂದದ್ದು 2016ರಲ್ಲಿ. ನಡುವೆ 13 ವರ್ಷ. ಆ 13 ವರ್ಷ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಹೋದರೆ ಆರೋಗ್ಯ ನೀತಿಯಲ್ಲಿ ಲಾಬಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಪೂರ್ತಿ ಕಾಣುತ್ತದೆ.

ಬೇರೆ ಲಾಬಿಗಳ ಕಥೆ ಮುಚ್ಚಿದ ಬಾಗಿಲ ಹಿಂದೆ ನಡೆದಿರುತ್ತದೆ, ನಮಗೆ ಗಾಳಿಸುದ್ದಿ ಮಾತ್ರ ಸಿಗುತ್ತದೆ. ಇಲ್ಲಿ ಹಾಗಲ್ಲ. ಅಧಿಸೂಚನೆ, ಮುಂದೂಡಿಕೆ, ಸಂಸದೀಯ ಸಮಿತಿಯ ವರದಿ, ಕೋರ್ಟ್ ಆದೇಶ ಎಲ್ಲವೂ ದಾಖಲೆಯಲ್ಲಿದೆ. ಜೊತೆಗೆ ಈ ಜಗಳ ಒಂದು ಹಂತದಲ್ಲಿ ಬಂದು ನಿಂತದ್ದು ಬೆಂಗಳೂರಿನ ಹೈಕೋರ್ಟಿನಲ್ಲಿ. ಜಗಳದಲ್ಲಿ ಮುಂದೆ ತಂದು ನಿಲ್ಲಿಸಿದ್ದು ಹುಣಸೂರು, ಪಿರಿಯಾಪಟ್ಟಣದಂಥ ಕಡೆಯ ಬೆಳೆಗಾರರನ್ನು, ದಕ್ಷಿಣ ಕನ್ನಡದಂಥ ಕಡೆಯ ಬೀಡಿ ಕಟ್ಟುವ ಹೆಂಗಸರನ್ನು. ನಮ್ಮ ಜನರ ಹೆಸರು ಇದರಲ್ಲಿ ಬಳಕೆಯಾಗಿದೆ. ನನಗೆ ಸಿಟ್ಟು ಬಂದದ್ದು ಅಲ್ಲೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಂಪನಿಗಳು ಎಲ್ಲೂ ನೇರವಾಗಿ ಬಂದು ತಂಬಾಕು ಒಳ್ಳೆಯದು ಅಂತ ವಾದ ಮಾಡಲಿಲ್ಲ. ಅವರು ಕೇಳಿದ್ದು ಸಮಯ. ಸ್ವಲ್ಪ ತಡೆಯಿರಿ, ಇನ್ನೊಮ್ಮೆ ನೋಡಿ, ಸ್ಪಷ್ಟನೆ ಕೊಡಿ, ಸಮಿತಿ ಮಾಡಿ. ಹೀಗೆ ಕೇಳಿದಾಗಲೆಲ್ಲ ಹೆಚ್ಚುಕಡಿಮೆ ಸಿಕ್ಕಿತು. ಮುಂದೆ ಓದುವಾಗ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಪ್ಯಾಕಿನ ಮೇಲಿನ ಎಚ್ಚರಿಕೆ ಶೇ 50 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಶೇ 30ಕ್ಕಿಂತ ಕಡಿಮೆ ಇರಲೇಬಾರದು ಅಂತ ಆ ಒಪ್ಪಂದ ಹೇಳುತ್ತದೆ. ಅದೇ ಒಪ್ಪಂದದ 5.3ನೇ ವಿಧಿ ಇನ್ನೂ ಮುಖ್ಯ. ಆರೋಗ್ಯ ನೀತಿ ಮಾಡುವಾಗ ತಂಬಾಕು ಉದ್ಯಮದ ಹಿತಾಸಕ್ತಿ ಒಳಗೆ ನುಸುಳದಂತೆ ಸರ್ಕಾರಗಳು ನೋಡಿಕೊಳ್ಳಬೇಕು ಅಂತ ಅದು ಬರೆದಿಟ್ಟಿದೆ. ಅಂದರೆ ಈ ಉದ್ಯಮ ಏನು ಮಾಡುತ್ತದೆ ಅನ್ನುವುದು ಸಹಿ ಹಾಕಿದ ಎಲ್ಲರಿಗೂ ಮೊದಲೇ ಗೊತ್ತಿತ್ತು.

2006ರ ಜುಲೈನಲ್ಲಿ ಮೊದಲ ನಿಯಮ ಬಂತು. ಆಗ ಅನ್ಬುಮಣಿ ರಾಮದಾಸ್ ಆರೋಗ್ಯ ಸಚಿವರು. ಶೇ 50 ಜಾಗ, ಜೊತೆಗೆ ತಲೆಬುರುಡೆ ಮತ್ತು ಎಲುಬಿನ ಗುರುತು. 2007ರ ಫೆಬ್ರುವರಿಯಿಂದ ಜಾರಿ ಅಂತ ಇತ್ತು. ಆಗಲಿಲ್ಲ. ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಬೀಡಿ ಉದ್ಯಮದ ವಿರೋಧ ಜೋರಾಗಿತ್ತು. 2007ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿ ತಲೆಬುರುಡೆ ಕಡ್ಡಾಯ ಅಲ್ಲ ಅಂತ ಮಾಡಿತು. ವಿಷಯ ಸಚಿವರ ಗುಂಪಿಗೆ ಹೋಯಿತು. ಅಲ್ಲಿಂದ ಹೊರಗೆ ಬಂದಾಗ ಶೇ 50 ಹೋಗಿ ಶೇ 40 ಆಗಿತ್ತು, ಅದೂ ಮುಂಭಾಗದಲ್ಲಿ ಮಾತ್ರ. ಕೊನೆಗೂ ಜಾರಿಯಾದದ್ದು 2009ರ ಮೇ 31ರಂದು. ಆಗ ಬಂದ ಚಿತ್ರಗಳು ನೆನಪಿದೆಯಾ? ಸಿಗರೇಟು ಬೀಡಿಗೆ ಶ್ವಾಸಕೋಶದ ಎಕ್ಸ್‌ರೇ, ಜಗಿಯುವ ತಂಬಾಕಿಗೆ ಒಂದು ಚೇಳು. ಕೊಳೆತ ಬಾಯಿ ನೋಡಿದರೆ ಮಗುವಿಗೂ ಅರ್ಥ ಆಗುತ್ತದೆ. ಚೇಳು ನೋಡಿದರೆ ಏನು ಅರ್ಥ ಮಾಡಿಕೊಳ್ಳಬೇಕು? ಓದು ಬರದವರಿಗೂ ತಲುಪಲಿ ಅಂತಲೇ ಚಿತ್ರ ಹಾಕುವುದು ಅಲ್ವಾ. ಚಿತ್ರ ಇದೆ ಅಂತ ಹೇಳಿಕೊಳ್ಳಬಹುದು, ಆದರೆ ಯಾರೂ ಹೆದರಬಾರದು, ಅಂಥ ಚಿತ್ರ ಅದು.

2010ರಲ್ಲಿ ನಡೆದದ್ದನ್ನು ಗಮನವಿಟ್ಟು ನೋಡಬೇಕು, ಯಾಕೆಂದರೆ ಆರು ವರ್ಷದ ಮೇಲೆ ಇದೇ ಆಟ ಮತ್ತೆ ನಡೆಯಿತು. ಚಿತ್ರಗಳನ್ನು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು. ಬಾಯಿ ಕ್ಯಾನ್ಸರಿನ ಚಿತ್ರ ಡಿಸೆಂಬರ್ 1ರಿಂದ ಬರಬೇಕಿತ್ತು. ದೊಡ್ಡ ಸಿಗರೇಟು ಕಂಪನಿಗಳು ನಿಯಮ ಸ್ಪಷ್ಟವಿಲ್ಲ ಅಂತ ಕಾರ್ಖಾನೆ ನಿಲ್ಲಿಸಿದವು. ಕಾರ್ಖಾನೆ ನಿಂತರೆ ತೆರಿಗೆ ನಿಲ್ಲುತ್ತದೆ, ತೆರಿಗೆ ನಿಂತರೆ ಹಣಕಾಸು ಇಲಾಖೆ ಎದ್ದು ಕೂರುತ್ತದೆ. ಅದೇ ತಿಂಗಳು ಸರ್ಕಾರ ಹೊಸ ಚಿತ್ರವನ್ನು ಒಂದು ವರ್ಷ ಮುಂದೂಡಿತು. ವರ್ಷಕ್ಕೊಮ್ಮೆ ಬದಲಾಗಬೇಕಿದ್ದದ್ದು ಎರಡು ವರ್ಷಕ್ಕೊಮ್ಮೆ ಅಂತಾಯಿತು. ಆರೋಗ್ಯ ಇಲಾಖೆಯ ಜೊತೆ ವಾದಕ್ಕೆ ಕೂರುವ ಕೆಲಸವೇ ಬೀಳಲಿಲ್ಲ.

ಅದೇ 2010ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ತಂಬಾಕು ಉದ್ಯಮದ ಒಂದು ದೊಡ್ಡ ಸಮಾವೇಶ ಇತ್ತು. ಅದಕ್ಕೆ ಕೈಜೋಡಿಸಿದ್ದು ಯಾರು ಗೊತ್ತಾ? ಕೇಂದ್ರ ಸರ್ಕಾರದ್ದೇ ಆದ ತಂಬಾಕು ಮಂಡಳಿ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆ 5.3ನೇ ವಿಧಿಯನ್ನು ಹಿಡಿದು ಹೈಕೋರ್ಟಿಗೆ ಹೋಯಿತು. ಸರ್ಕಾರದ ಒಂದು ಕೈ ತಂಬಾಕು ಬಿಡಿ ಅಂತ ಒಪ್ಪಂದಕ್ಕೆ ಸಹಿ ಹಾಕಿದೆ, ಇನ್ನೊಂದು ಕೈ ಉದ್ಯಮದ ಸಮಾವೇಶಕ್ಕೆ ದುಡ್ಡು ಕೊಡುವುದು ಹೇಗೆ ಅನ್ನುವುದು ಪ್ರಶ್ನೆ. ಮಂಡಳಿ ಹಿಂದೆ ಸರಿಯಬೇಕಾಯಿತು. ಸಣ್ಣ ಗೆಲುವು ನಿಜ. ಆದರೆ ತಂಬಾಕು ಲಾಬಿಯನ್ನು ಕೋರ್ಟಿನಲ್ಲಿ ತಡೆಯಬಹುದು ಅಂತ ಅದು ತೋರಿಸಿಕೊಟ್ಟಿತು.

ಈಗ 2014. ಹರ್ಷವರ್ಧನ್ ಆರೋಗ್ಯ ಸಚಿವರು, ಸ್ವತಃ ಡಾಕ್ಟರು. ಅಕ್ಟೋಬರ್ 15ಕ್ಕೆ ಅಧಿಸೂಚನೆ ಹೊರಟಿತು: ಎರಡೂ ಬದಿ ಶೇ 85, 2015ರ ಏಪ್ರಿಲ್ 1ರಿಂದ. ನವೆಂಬರಿನಲ್ಲಿ ಅವರ ಖಾತೆ ಬದಲಾಯಿತು, ಜೆ.ಪಿ. ನಡ್ಡಾ ಬಂದರು. ನಿಯಮ ಹಾಗೇ ಇತ್ತು, ಜಾರಿಗೆ ಬರಲು ಆರು ತಿಂಗಳೂ ಉಳಿದಿರಲಿಲ್ಲ.

ಅಷ್ಟರಲ್ಲಿ ವಿಷಯ ಲೋಕಸಭೆಯ ಅಧೀನ ಶಾಸನ ಸಮಿತಿಯ, ಅಂದರೆ ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಸಂಸದರ ಸಮಿತಿಯ ಮುಂದೆ ಹೋಯಿತು. ಸಮಿತಿಯ ಅಧ್ಯಕ್ಷರು ಅಹಮದ್‌ನಗರದ ಸಂಸದ ದಿಲೀಪ್ ಗಾಂಧಿ. ಸದಸ್ಯರಲ್ಲಿ ಒಬ್ಬರು ಅಲಹಾಬಾದಿನ ಸಂಸದ ಶ್ಯಾಮಚರಣ ಗುಪ್ತ. ಅವರದು ದೊಡ್ಡ ಬೀಡಿ ವ್ಯಾಪಾರ. ಬೀಡಿ ಕಟ್ಟಿನ ಮೇಲೆ ಎಷ್ಟು ದೊಡ್ಡ ಚಿತ್ರ ಇರಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಬೀಡಿ ಮಾಲೀಕರೇ ಕೂತಿದ್ದರು. ಇದು ಕಾನೂನಿಗೆ ವಿರುದ್ಧವಲ್ಲ. ಅದೇ ನನಗೆ ತಡೆಯಲಾಗದ್ದು. ಲಂಚ ಬೇಡ, ಕದ್ದು ಭೇಟಿಯಾಗುವುದೂ ಬೇಡ, ಕುರ್ಚಿಯೇ ಸಿಕ್ಕಿದೆ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಅಂತ ತೋರಿಸುವ ಭಾರತೀಯ ಅಧ್ಯಯನ ಇಲ್ಲ, ಇರುವುದೆಲ್ಲ ಹೊರದೇಶದ್ದು ಅಂತ ಅಧ್ಯಕ್ಷರು ಹೇಳಿದರು. ಎಷ್ಟೋ ಬೀಡಿ ಸೇದಿಯೂ ಏನೂ ಆಗದ ಜನರನ್ನು ಬೇಕಾದರೆ ಕರೆತರುತ್ತೇನೆ ಅನ್ನುವ ಅರ್ಥದಲ್ಲಿ ಗುಪ್ತ ಮಾತಾಡಿದರು.

ಭಾರತೀಯ ಅಧ್ಯಯನ ಇಲ್ಲ ಅನ್ನುವುದು ಸುಳ್ಳು. 2008ರಲ್ಲೇ ಪ್ರಭಾತ್ ಝಾ ಮತ್ತು ಜೊತೆಗಾರರ ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿತ್ತು. ನಮ್ಮ ದೇಶದ 11 ಲಕ್ಷ ಮನೆಗಳಲ್ಲಿ ನಡೆದ ಅಧ್ಯಯನ ಅದು. 2010ರ ಹೊತ್ತಿಗೆ ಧೂಮಪಾನ ಒಂದರಿಂದಲೇ ವರ್ಷಕ್ಕೆ ಸುಮಾರು 10 ಲಕ್ಷ ಸಾವು ಅಂತ ಅದು ಅಂದಾಜು ಮಾಡಿತ್ತು. ಅದರಲ್ಲಿ ಬೀಡಿಯದ್ದೂ ಲೆಕ್ಕ ಇದೆ. 2014ರಲ್ಲಿ ಆರೋಗ್ಯ ಸಚಿವಾಲಯವೇ ಹೊರತಂದ ವರದಿಯಲ್ಲಿ ಇನ್ನೊಂದು ಲೆಕ್ಕ ಇತ್ತು: ತಂಬಾಕಿನಿಂದ ಬರುವ ಕಾಯಿಲೆಗಳಿಂದ 2011ರಲ್ಲಿ ದೇಶಕ್ಕೆ ಬಿದ್ದ ಹೊರೆ 1,04,500 ಕೋಟಿ ರೂಪಾಯಿ. ತಂಬಾಕಿನಿಂದ ಬಂದ ಕೇಂದ್ರ ಅಬಕಾರಿ ಸುಂಕ ಅದರ ಶೇ 17ರಷ್ಟು. ಇದೆಲ್ಲ ಸರ್ಕಾರದ ಕಪಾಟಿನಲ್ಲೇ ಇತ್ತು. ಆದರೂ ಸಮಿತಿ ಇನ್ನೂ ಪರಿಶೀಲನೆ ಬೇಕು, ಅಲ್ಲಿವರೆಗೆ ತಡೆಹಿಡಿಯಿರಿ ಅಂದಿತು. ಮಾರ್ಚ್ ಕೊನೆಯಲ್ಲಿ ಸರ್ಕಾರ ತಡೆಹಿಡಿಯಿತು.

ಸುನೀತಾ ತೋಮರ್ ಅವರ ವಿಷಯ ಇಲ್ಲಿ ಹೇಳಲೇಬೇಕು. ಮಧ್ಯಪ್ರದೇಶದ ಭಿಂಡ್ ಕಡೆಯವರು, 28 ವರ್ಷ, ಎರಡು ಮಕ್ಕಳ ತಾಯಿ. ತಂಬಾಕು ಜಗಿದು ಬಾಯಿ ಕ್ಯಾನ್ಸರ್ ಬಂದಿತ್ತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿತ್ತು. ಸರ್ಕಾರದ ತಂಬಾಕು ವಿರೋಧಿ ಜಾಹೀರಾತಿನಲ್ಲಿ ತಮ್ಮ ಮುಖವನ್ನೇ ತೋರಿಸಲು ಒಪ್ಪಿದ್ದರು. ಸಮಿತಿಯ ಅಧ್ಯಕ್ಷರ ಮಾತು ಕೇಳಿ ನೊಂದು ಪ್ರಧಾನಿಗೆ ಪತ್ರ ಬರೆದರು. ಕೆಲವೇ ದಿನದಲ್ಲಿ ತೀರಿಕೊಂಡರು. ಅವತ್ತು 2015ರ ಏಪ್ರಿಲ್ 1. ದೊಡ್ಡ ಚಿತ್ರ ಜಾರಿಗೆ ಬರಬೇಕಿದ್ದ ದಿನ ಅದು.

ಈಗ ರೈತರ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ನಮ್ಮವರನ್ನು ಬೈದ ಹಾಗೆ ಆಗಬಾರದು.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಬದುಕೇ ಆಗಿದೆ. ಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್ ಕಟ್ಟಿಸಲು ಸಾಲ, ಬೇಯಿಸಲು ಸೌದೆ, ಮಂಡಳಿಯ ಲೈಸೆನ್ಸು, ಆಮೇಲೆ ಹರಾಜು. ಹರಾಜಿನಲ್ಲಿ ಕೊಳ್ಳುವವರು ಬೆರಳೆಣಿಕೆಯಷ್ಟು ದೊಡ್ಡ ಕಂಪನಿಗಳು ಮತ್ತು ರಫ್ತುದಾರರು. ಬೆಲೆ ಬಿದ್ದ ವರ್ಷ ರೈತರು ಹರಾಜು ನಿಲ್ಲಿಸಿ ರಸ್ತೆಗೆ ಇಳಿಯುತ್ತಾರೆ. ಆ ಸಿಟ್ಟು ಇರುವುದು ಕೊಳ್ಳುವವರ ಮೇಲೆ. ಪ್ಯಾಕಿನ ಚಿತ್ರದ ವಿಷಯ ಬಂದಾಗ ಮಾತ್ರ ಕೊಳ್ಳುವವರು, ಬೆಳೆಯುವವರು ಒಂದೇ ಮನೆಯವರು ಅನ್ನುವ ಹಾಗೆ ದೆಹಲಿಯಲ್ಲಿ ಮಾತು ನಡೆಯಿತು. ಪತ್ರಿಕಾ ಹೇಳಿಕೆ, ಜಾಹೀರಾತು, ಮನವಿ, ಎಲ್ಲದರಲ್ಲೂ ರೈತನ ಹೊಟ್ಟೆಪಾಡು ಮುಂದೆ. 2016ರ ನವೆಂಬರಿನಲ್ಲಿ ಗ್ರೇಟರ್ ನೊಯ್ಡಾದಲ್ಲಿ ತಂಬಾಕು ಒಪ್ಪಂದದ ಜಾಗತಿಕ ಸಭೆ ನಡೆದಾಗಲೂ ಹೊರಗೆ ಪ್ರತಿಭಟಿಸಿದವರು ತಂಬಾಕು ಬೆಳೆಗಾರರೇ.

ಆದರೆ ಮೈಸೂರು ಸೀಮೆಯ ವರ್ಜೀನಿಯಾ ಸೊಪ್ಪಿನ ದೊಡ್ಡ ಪಾಲು ಹೋಗುವುದು ಹೊರದೇಶಕ್ಕೆ. ಇಲ್ಲಿನ ಪ್ಯಾಕಿನ ಮೇಲೆ ಚಿತ್ರ ಶೇ 40 ಇದ್ದರೂ ಶೇ 85 ಇದ್ದರೂ ಆ ರಫ್ತಿಗೆ ಸಂಬಂಧವೇ ಇಲ್ಲ. ಈ ಮಾತನ್ನು ರೈತರ ಮುಂದೆ ಬಿಡಿಸಿ ಹೇಳಿದವರು ಎಷ್ಟು ಜನ? ಬೇರೆ ಬೆಳೆಗೆ ಹೋಗಬೇಕು ಅನ್ನುವವರಿಗೆ ಸಾಲ, ಮಾರುಕಟ್ಟೆ, ಬೆಂಬಲ ಬೆಲೆ ಕೊಡಿಸಿ ಅಂತ ಈ ಲಾಬಿ ಒಂದು ದಿನವಾದರೂ ಅಷ್ಟೇ ಜೋರಾಗಿ ಕೇಳಿದ್ದರೆ ನಾನು ಈ ಪ್ಯಾರಾ ಬರೆಯುತ್ತಿರಲಿಲ್ಲ.

ಬೀಡಿಯ ಕಥೆಯೂ ಹಾಗೇ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆ ನಡೆದದ್ದು, ಮಕ್ಕಳು ಓದಿದ್ದು ಅಮ್ಮ ಬೀಡಿ ಕಟ್ಟಿ ತಂದ ದುಡ್ಡಿನಲ್ಲಿ. ಅದನ್ನು ಯಾರೂ ಅಲ್ಲಗಳೆಯಬಾರದು. ಮಡಿಲಲ್ಲಿ ತಡಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ನೂಲು ಸುತ್ತಿ, ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಕೊಟ್ಟು ಬರಬೇಕು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಸರಿ ಇಲ್ಲ ಅಂತ ತೆಗೆದುಹಾಕಿದ ಬೀಡಿಗೆ ದುಡ್ಡಿಲ್ಲ. ದಿನವಿಡೀ ಆ ಪುಡಿ ಮೂಗಿಗೆ ಹೋಗುತ್ತದೆ. ಕನಿಷ್ಠ ಕೂಲಿ ಕೇಳಿದಾಗ ಮಾಲೀಕರಿಗೆ ಕಷ್ಟ, ತುಟ್ಟಿಭತ್ಯೆ ಕೇಳಿದಾಗ ಕಷ್ಟ. ಚಿತ್ರದ ವಿಷಯ ಬಂದಾಗ ಇದೇ ಹೆಂಗಸರ ಬದುಕಿನ ಮೇಲೆ ಎಲ್ಲಿಲ್ಲದ ಕಾಳಜಿ. ಲಾಬಿಯಲ್ಲಿ ಇದು ತುಂಬಾ ಹಳೆಯ ಉಪಾಯ. ಲಾಭ ಯಾರಿಗೆ ಜಾಸ್ತಿಯೋ ಅವರು ಹಿಂದೆ ನಿಲ್ಲುತ್ತಾರೆ, ಯಾರನ್ನು ನೋಡಿದರೆ ನಮಗೆ ಅಯ್ಯೋ ಅನ್ನಿಸುತ್ತದೋ ಅವರು ಮುಂದೆ.

ಕಳ್ಳಸಾಗಣೆಯ ವಾದವೂ ಇತ್ತು. ಚಿತ್ರ ದೊಡ್ಡದಾದರೆ ಜನ ಚಿತ್ರವಿಲ್ಲದ ವಿದೇಶಿ ಪ್ಯಾಕಿಗೆ ಹೋಗುತ್ತಾರೆ ಅಂತ. ಅದಕ್ಕೆ ಕಸ್ಟಮ್ಸ್ ಇಲಾಖೆ ಇದೆ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮುಂದೂಡಿಕೆ ಕೊನೆಯಾದದ್ದು ಸರ್ಕಾರದ ಮನಸ್ಸು ಬದಲಾಗಿ ಅಲ್ಲ. 2015ರ ಜುಲೈನಲ್ಲಿ ರಾಜಸ್ಥಾನ ಹೈಕೋರ್ಟ್ ಅಧಿಸೂಚನೆ ಜಾರಿ ಮಾಡಿ ಅಂತ ಆದೇಶ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಕೇಂದ್ರ ಹೊಸ ದಿನಾಂಕ ಕೊಟ್ಟಿತು: 2016ರ ಏಪ್ರಿಲ್ 1. ಸರಿಯಾಗಿ ಒಂದು ವರ್ಷ ತಡ. ಆ ದಿನಾಂಕ ಹತ್ತಿರ ಬಂದಾಗ, ಮಾರ್ಚಿನಲ್ಲಿ, ಸಮಿತಿಯ ಅಂತಿಮ ವರದಿ ಬಂತು. ಶೇ 85 ಜಾಸ್ತಿಯಾಯಿತು, ಶೇ 50 ಸಾಕು ಅಂತ. ಈ ಸಲ ಆರೋಗ್ಯ ಸಚಿವಾಲಯ ಜಗ್ಗಲಿಲ್ಲ, ಅಷ್ಟರ ಮಟ್ಟಿಗೆ ಅದನ್ನು ಮೆಚ್ಚಬೇಕು. ಏಪ್ರಿಲ್ 1ಕ್ಕೆ ನಿಯಮ ಜಾರಿಯಾಯಿತು. ಅದೇ ದಿನದಿಂದ ದೊಡ್ಡ ಕಂಪನಿಗಳು ಸ್ಪಷ್ಟತೆ ಇಲ್ಲ ಅಂತ ಮತ್ತೆ ಕಾರ್ಖಾನೆ ನಿಲ್ಲಿಸಿದವು. ದಿನಕ್ಕೆ 350 ಕೋಟಿ ರೂಪಾಯಿಯ ನಷ್ಟ ಅಂತ ಅವರ ಸಂಘ ಅಂದಾಜು ಕೊಟ್ಟಿತು. 2010ರಲ್ಲಿ ಇದು ಕೆಲಸ ಮಾಡಿತ್ತು. 2016ರಲ್ಲಿ ಮಾಡಲಿಲ್ಲ, ಯಾಕೆಂದರೆ ಕಣ್ಣಿಟ್ಟು ಕಾಯುವವರು ಅಷ್ಟರಲ್ಲಿ ಜಾಸ್ತಿಯಾಗಿದ್ದರು: ಕ್ಯಾನ್ಸರ್ ಡಾಕ್ಟರುಗಳು, ಕಾಯಿಲೆ ಗೆದ್ದು ಬಂದವರು, ಕೋರ್ಟಿಗೆ ಹೋಗಲು ಸಿದ್ಧವಿದ್ದ ಸಂಘಟನೆಗಳು.

ಮೇ 4ರಂದು ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಸದ್ಯಕ್ಕೆ ಶೇ 85 ಪಾಲಿಸಿ. ಬೇರೆ ಬೇರೆ ಹೈಕೋರ್ಟುಗಳಲ್ಲಿ ಇರುವ ಕೇಸುಗಳೆಲ್ಲ ಕರ್ನಾಟಕ ಹೈಕೋರ್ಟಿಗೆ ಹೋಗಲಿ. ಹಾಗೆ ಇಡೀ ದೇಶದ ಜಗಳ ನಮ್ಮ ಊರಿಗೆ ಬಂತು.

2017ರ ಡಿಸೆಂಬರ್ 15ಕ್ಕೆ ತೀರ್ಪು. ನ್ಯಾಯಮೂರ್ತಿ ಬಿ.ಎಸ್. ಪಾಟೀಲ್ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ 2014ರ ನಿಯಮವನ್ನು ರದ್ದು ಮಾಡಿತು. ವ್ಯಾಪಾರ ಮಾಡುವ ಹಕ್ಕಿಗೆ ಇದು ಅತಿಯಾದ ನಿರ್ಬಂಧ, ಸಂವಿಧಾನಕ್ಕೆ ಒಪ್ಪುವುದಿಲ್ಲ ಅನ್ನುವುದು ತೀರ್ಪಿನ ಸಾರ. ಹಳೆಯ ಶೇ 40 ಉಳಿಯಿತು. ಕೋರ್ಟು ಲಾಬಿಗೆ ಮಣಿಯಿತು ಅಂತ ನಾನು ಹೇಳುವುದಿಲ್ಲ, ಅದು ತಪ್ಪು ಮಾತು. ಕೋರ್ಟು ತನ್ನ ಮುಂದಿದ್ದ ಕಾನೂನಿನ ಪ್ರಶ್ನೆಗೆ ಉತ್ತರ ಕೊಟ್ಟಿತು. ನಾನು ಒಪ್ಪುವುದಿಲ್ಲ, ಅಷ್ಟೇ. ಆದರೆ ಒಂದು ನೋಡಿ. ಆರೋಗ್ಯದ ಪ್ರಶ್ನೆಯಾಗಿ ಶುರುವಾದದ್ದು ಅಲ್ಲಿಗೆ ಬರುವಷ್ಟರಲ್ಲಿ ವ್ಯಾಪಾರದ ಹಕ್ಕಿನ ಪ್ರಶ್ನೆ ಆಗಿಬಿಟ್ಟಿತ್ತು. ಪ್ರಶ್ನೆಯ ರೂಪ ಬದಲಿಸುವುದಕ್ಕೆ ದೊಡ್ಡ ವಕೀಲರು ಬೇಕು, ದೊಡ್ಡ ವಕೀಲರಿಗೆ ದೊಡ್ಡ ದುಡ್ಡು ಬೇಕು, ಅದು ಯಾರ ಹತ್ತಿರ ಇತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದು ತಿಂಗಳೂ ಆಗಿರಲಿಲ್ಲ. 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜನರ ಆರೋಗ್ಯವೇ ಮೊದಲು ಅಂದಿತು. ಶೇ 85 ಉಳಿಯಿತು.

ಇಷ್ಟೆಲ್ಲ ಮಾಡಿ ಏನಾಯಿತು? ಕೆನಡಾದ ಕ್ಯಾನ್ಸರ್ ಸೊಸೈಟಿ ಪ್ಯಾಕ್ ಎಚ್ಚರಿಕೆಯ ಗಾತ್ರ ನೋಡಿ ದೇಶಗಳ ಪಟ್ಟಿ ಮಾಡುತ್ತದೆ. 2014ರಲ್ಲಿ 136ನೇ ಜಾಗದಲ್ಲಿದ್ದ ಭಾರತ 2016ರಲ್ಲಿ 3ನೇ ಜಾಗಕ್ಕೆ ಬಂತು. ಅದು ಗಾತ್ರದ ಲೆಕ್ಕ. ಜನರ ಲೆಕ್ಕ ಬೇಕಾದರೆ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ನೋಡಬೇಕು. 2009–10ರಲ್ಲಿ ತಂಬಾಕು ಬಳಸುವ ವಯಸ್ಕರು ಶೇ 34.6 ಇದ್ದರು, 2016–17ರಲ್ಲಿ ಶೇ 28.6. ಕರ್ನಾಟಕದಲ್ಲಿ ಶೇ 28.2ರಿಂದ ಶೇ 22.8. ಇದೆಲ್ಲ ಚಿತ್ರದಿಂದಲೇ ಆಯಿತು ಅಂತ ಹೇಳಿದರೆ ನಾನೂ ಅವರ ಹಾಗೇ ಲೆಕ್ಕ ತಿರುಚಿದಂತೆ. ನಡುವೆ ತೆರಿಗೆ ಏರಿತು, ಗುಟ್ಕಾ ನಿಷೇಧ ಬಂತು, ದೊಡ್ಡ ಚಿತ್ರ ಬಂದದ್ದಂತೂ ಸಮೀಕ್ಷೆಗೆ ಕೆಲವೇ ತಿಂಗಳ ಮೊದಲು. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಪ್ಯಾಕಿನ ಮೇಲಿನ ಎಚ್ಚರಿಕೆ ನೋಡಿ ಬಿಡಬೇಕು ಅಂತ ಅನ್ನಿಸಿತಾ ಅಂತ. ಸಿಗರೇಟು ಸೇದುವವರಲ್ಲಿ ಶೇ 61.9 ಜನ ಹೌದು ಅಂದರು. ಬೀಡಿ ಸೇದುವವರಲ್ಲಿ ಶೇ 53.8. ಜಗಿಯುವವರಲ್ಲಿ ಶೇ 46.2. 2007ರಿಂದ ತಡೆದು ತಡೆದು ಇಟ್ಟಿದ್ದು ಇದನ್ನೇ.

2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 5.3ನೇ ವಿಧಿಯ ಪ್ರಕಾರ ತನ್ನ ಅಧಿಕಾರಿಗಳಿಗೆ ನೀತಿ ಸಂಹಿತೆ ತಂದಿತು. ತಂಬಾಕು ಉದ್ಯಮದವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ. ಒಳ್ಳೆಯದು. ಆದರೆ ಇಡೀ ಪ್ರಕರಣದಲ್ಲಿ ತಡೆ ಬಂದದ್ದು ಆರೋಗ್ಯ ಸಚಿವಾಲಯದ ಒಳಗಿನಿಂದಲ್ಲ. ಸಂಸದೀಯ ಸಮಿತಿಯಿಂದ ಬಂತು, ಸಚಿವರ ಗುಂಪಿನಿಂದ ಬಂತು, ನಿಂತುಹೋದ ಕಾರ್ಖಾನೆಯ ಗೇಟಿನಿಂದ ಬಂತು. ಆ ಸಂಹಿತೆ ಅಲ್ಲಿಗೆ ಮುಟ್ಟುವುದಿಲ್ಲ. ಸಾರ್ವಜನಿಕ ವಲಯದ ಎಲ್‌ಐಸಿಯೇ ದೊಡ್ಡ ಸಿಗರೇಟು ಕಂಪನಿ ಐಟಿಸಿಯ ದೊಡ್ಡ ಷೇರುದಾರರಲ್ಲಿ ಒಂದು ಅನ್ನುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಆರೋಗ್ಯ ಇಲಾಖೆ ಒಂದು ಕಡೆ ಎಳೆಯುತ್ತದೆ, ನಮ್ಮದೇ ವಿಮೆ ದುಡ್ಡು ಇನ್ನೊಂದು ಕಡೆ ಕೂತಿದೆ.

2018ರ ಸೆಪ್ಟೆಂಬರ್ 1ರಿಂದ ಚಿತ್ರದ ಜೊತೆ ಒಂದು ಫೋನ್ ನಂಬರೂ ಬರುತ್ತಿದೆ, 1800-11-2356. ತಂಬಾಕು ಬಿಡಲು ಸಹಾಯ ಬೇಕಾದವರು ದುಡ್ಡಿಲ್ಲದೆ ಕರೆ ಮಾಡಬಹುದು. ಪ್ಯಾಕಿನ ಮೇಲೆ ಕಾಣುವ ಹಾಗೆ ಅಚ್ಚು ಹಾಕಿದ್ದಾರೆ. ಆದರೆ ನಮ್ಮ ಗೂಡಂಗಡಿಗಳಲ್ಲಿ ಪ್ಯಾಕ್ ಕೊಳ್ಳುವವರಿಗಿಂತ ಬಿಡಿ ಸಿಗರೇಟು ಕೊಳ್ಳುವವರೇ ಜಾಸ್ತಿ ಕಾಣುತ್ತಾರೆ. ಕರ್ನಾಟಕ 2017ರಲ್ಲಿ ಬಿಡಿ ಮಾರಾಟ ನಿಷೇಧಿಸಿತು. ಆದರೂ ಕಾಲೇಜು ಹುಡುಗ ಬಂದು ಒಂದು ಕೊಡಿ ಅಂದರೆ ಅಂಗಡಿಯವರು ಒಂದನ್ನು ತೆಗೆದು ಕೊಡುತ್ತಾರೆ. ಪ್ಯಾಕ್, ಅದರ ಮೇಲಿನ ಚಿತ್ರ, ಆ ನಂಬರು, ಮೂರೂ ಒಳಗಿನ ಡಬ್ಬದಲ್ಲೇ ಉಳಿಯುತ್ತವೆ.